ರೊಟ್ಟಿಯ ಮೇಲೆ ಹೊರಿಸಿದ ತಡ: ಜಠರ ಖಾಲಿಯಾಗುವ ಕಾಲದ ಅಳತೆ ಮತ್ತು ರಾಯಚೂರಿನ ಬಿಳಿಜೋಳ

ಅನ್ನ ಒಂದು ಗಂಟೆಯಲ್ಲಿ ಕರಗುತ್ತದೆ, ಹುರಿದ ಹಂದಿಮಾಂಸಕ್ಕೆ ಐದೂಕಾಲು ಗಂಟೆ ಬೇಕು: ವಿಲಿಯಂ ಬ್ಯೂಮಾಂಟ್ 1833ರಲ್ಲಿ ಅಚ್ಚು ಹಾಕಿಸಿದ ಪಟ್ಟಿಯ ಈ ಅಂಕಿಗಳು ಪಥ್ಯದ ಚರ್ಚೆಯಲ್ಲಿ ಇನ್ನೂ ತಲೆಯೆತ್ತುತ್ತವೆ. ಪಟ್ಟಿಯಲ್ಲಿ ನಮ್ಮ ಜೋಳವೇ ಇಲ್ಲ. ಆದರೂ ‘ಅನ್ನ ಹಗುರ’ ಎಂಬಲ್ಲಿಂದ ‘ರೊಟ್ಟಿ ಭಾರ’ ಎಂಬ ತೀರ್ಪಿಗೆ ಜಿಗಿಯುವವರಿಗೆ ಅದು ಅಡ್ಡಿಯಾಗಿಲ್ಲ. ಬ್ಯೂಮಾಂಟ್ ನೋಡಿದ್ದು ಗುಂಡೇಟಿನ ತೂತು ಮುಚ್ಚದೆ ಉಳಿದ ಒಬ್ಬನೇ ಒಬ್ಬನ, ಅಲೆಕ್ಸಿಸ್ ಸೇಂಟ್ ಮಾರ್ಟಿನ್‌ನ, ಜಠರವನ್ನು. ಬರೆದಿಟ್ಟದ್ದು ಆಹಾರ ಕರಗಲು ಹಿಡಿದ ಕಾಲವನ್ನು. ಹಳೇ ಅಜೀರ್ಣದವರ ಜಠರ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಅದನ್ನು ಹೊರಗಿನಿಂದಲೇ ಎಣಿಸಲು ಸಾಧ್ಯವಾದದ್ದು 1966ರಲ್ಲಿ, ಗ್ರಿಫಿತ್ ಮತ್ತು ಸಂಗಡಿಗರು ವಿಕಿರಣಶೀಲ ಕ್ರೋಮಿಯಂ ಬೆರೆಸಿದ ಊಟ ಕೊಟ್ಟಾಗ. 2008ರ ಅಮೆರಿಕನ್ ಒಮ್ಮತದ ಪ್ರಕಾರ ನಾಲ್ಕು ಗಂಟೆಯ ಮೇಲೂ ಊಟದ ಶೇ. 10ಕ್ಕಿಂತ ಹೆಚ್ಚು ಉಳಿದರೆ ಅದು ತಡ. ಮೊಟ್ಟೆಯ ಬಿಳಿ, ಬ್ರೆಡ್ಡು, ಜಾಮಿಗೆ ಕಟ್ಟಿದ ಈ ಅಳತೆಯನ್ನು ದೇವದುರ್ಗದ ರೊಟ್ಟಿ-ಪುಂಡಿಪಲ್ಯಕ್ಕೆ ಹಾಗೇ ಹೊಂದಿಸುವುದು ಸೋಮಾರಿತನ.

ನಿಜವಾದ ತಕರಾರು ಇರುವುದು ಉಸಿರಿನ ಪರೀಕ್ಷೆಯಲ್ಲಿ. 1993ರಲ್ಲಿ ಬೆಲ್ಜಿಯಂನ ಘೂಸ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನಕ್ಕೆ ವಿಕಿರಣ ಬೇಡ, ಕ್ಯಾಮೆರಾ ಬೇಡ. ಊಟದಲ್ಲಿ ಕಾರ್ಬನ್-13ರ ಗುರುತಿರುವ ಆಕ್ಟನಾಯಿಕ್ ಆಮ್ಲ ಬೆರೆಸಿ, ಆಗಾಗ ಉಸಿರು ಹಿಡಿದಿಟ್ಟರೆ ಸಾಕು. ಆಮ್ಲ ಜಠರ ದಾಟಿದ ಮೇಲೆ ಕರುಳು ಅದನ್ನು ಹೀರುತ್ತದೆ, ಯಕೃತ್ತು ಉರಿಸುತ್ತದೆ, ಗುರುತು ಉಸಿರಿನಲ್ಲಿ ಹೊರಬೀಳುತ್ತದೆ. ಆದರೆ ಜೋಳ, ಮೆಕ್ಕೆಜೋಳ, ಸಜ್ಜೆ ಸಿ-4 ಸಸ್ಯಗಳು. ಅಕ್ಕಿ, ಗೋಧಿ ಸಿ-3. ಮೊದಲಿನವುಗಳ ಕಾಳಿನಲ್ಲಿ ಕಾರ್ಬನ್-13 ಹುಟ್ಟಿನಿಂದಲೇ ಹೆಚ್ಚು. ಮೆಕ್ಕೆಜೋಳ ಹೇರಳವಾಗಿ ಸೇರುವ ಅಮೆರಿಕನ್ನರ ಬರಿಹೊಟ್ಟೆಯ ಉಸಿರೇ ಈ ಲೆಕ್ಕದಲ್ಲಿ ಯುರೋಪಿನವರದಕ್ಕಿಂತ ಮೇಲಿರುತ್ತದೆ. ಹಾಗಾದರೆ ಎರೆಭೂಮಿಯ ಹಿಂಗಾರಿ ಜೋಳ ಉಣ್ಣುವವರದೂ, ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಅನ್ನಕ್ಕೆ ಹೊರಳಿದ ಮಾನ್ವಿಯವರದೂ ಒಂದೇ ಆರಂಭರೇಖೆ ಎಂದು ಹಿಡಿಯುವುದು ಹೇಗೆ?

ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದು ಇನ್ನೂ ಮುಖ್ಯ. ರೊಟ್ಟಿಯ ಪಿಷ್ಟ ಮೆಲ್ಲಗೆ ಸಕ್ಕರೆಯಾಗಿ ಉರಿಯುತ್ತದೆ. ಆಮ್ಲದ ಗುರುತು ಇಳಿಯತೊಡಗಿದ ಕೊನೆಯ ಗಂಟೆಗಳಲ್ಲೂ ರೊಟ್ಟಿಯ ಸ್ವಂತ ಕಾರ್ಬನ್ ಉಸಿರಿಗೆ ಸೇರುತ್ತಲೇ ಇರುತ್ತದೆ. ಉಸಿರಿನ ಅಳತೆಯ ರೇಖೆಯ ಬಾಲ ಉದ್ದವಾಗುತ್ತದೆ, ಜಠರ ಇದ್ದದ್ದಕ್ಕಿಂತ ನಿಧಾನವಾಗಿ ಕಾಣುತ್ತದೆ. ಅನ್ನ ಉಣ್ಣುವವನಿಗೆ ಈ ಶಿಕ್ಷೆ ಇಲ್ಲ.

ಇಷ್ಟರಿಂದ ಜೋಳ ಬೇಗ ಇಳಿಯುತ್ತದೆ ಎಂದೇನೂ ಆಗುವುದಿಲ್ಲ. ಉಸಿರಿನ ಪರೀಕ್ಷೆಯನ್ನೇ ಬಳಸಿ 2018ರಲ್ಲಿ ಪ್ರಕಟವಾದ ಮಾಲಿ ದೇಶದ ಅಧ್ಯಯನದಲ್ಲಿ ಜೋಳ-ಸಜ್ಜೆಯ ಸಾಂಪ್ರದಾಯಿಕ ಊಟ ಅನ್ನಕ್ಕಿಂತ ಗಮನಾರ್ಹವಾಗಿ ನಿಧಾನವೆಂದು ಕಂಡಿತು. ಆ ಅಂತರವೆಲ್ಲ ಕಾರ್ಬನ್ನಿನ ಆಟವೆನ್ನುವ ಧೈರ್ಯ ನನಗಿಲ್ಲ. ಆದರೆ ನಿಧಾನವೇ ರೋಗವಲ್ಲ. ಹೊಲಕ್ಕೆ ಹೋಗುವವರು ‘ರೊಟ್ಟಿ ಉಂಡ್ರ ಹೊಟ್ಟಿ ತಡೀತದ’ ಎಂದು ಮೆಚ್ಚಿ ಹೇಳುವುದೂ ಇದನ್ನೇ. ಅಜೀರ್ಣದವರಲ್ಲೂ ಹಲವರ ಜಠರ ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತದೆ. ಉಬ್ಬರ, ಸಂಕಟಗಳ ತೀವ್ರತೆ ಗಡಿಯಾರದೊಂದಿಗೆ ಅಷ್ಟಾಗಿ ಹೊಂದುವುದಿಲ್ಲ.

ಆದರೂ ಉಸಿರಿನಿಂದಲೇ ಅಳೆಯುವುದಾದರೆ, ರೋಗಿಗೆ ಒಂದು ದಿನ ಗುರುತಿಲ್ಲದ ರೊಟ್ಟಿ, ಇನ್ನೊಂದು ದಿನ ಅಷ್ಟೇ ತೂಕದ ಗುರುತಿನ ರೊಟ್ಟಿ ಕೊಟ್ಟು ಮೊದಲ ದಿನದ ಉಸಿರಿನ ಅಂಕಿಯನ್ನು ಎರಡನೆಯ ದಿನದ್ದರಿಂದ ಕಳೆಯಬೇಕು. ಕಳೆಯದೆ ತಂದ ಅಂಕಿಯನ್ನು ರೊಟ್ಟಿಯ ವಿರುದ್ಧ ಸಾಕ್ಷಿಯೆಂದು ನಾನು ಒಪ್ಪುವುದಿಲ್ಲ.