ಬೆಂಕಿಯೋ ಮಣ್ಣೋ: ಕ್ರೈಸ್ತ ಲೋಕದ ಒಂದು ಹಳೆಯ ಜಿಜ್ಞಾಸೆ

ಹಿಂದೂಗಳು ಸುಡುತ್ತಾರೆ, ಕ್ರೈಸ್ತರು ಹೂಳುತ್ತಾರೆ ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಇದರ ಮೊದಲರ್ಧ ನಮ್ಮ ನಾಡಿನಲ್ಲಿಯೇ ನಿಲ್ಲುವುದಿಲ್ಲ. ಲಿಂಗಾಯತರು ಹೂಳುತ್ತಾರೆ, ಸನ್ಯಾಸಿಗಳಿಗೆ ಸಮಾಧಿಯೇ ವಿಹಿತ, ಹಸುಗೂಸುಗಳನ್ನು ಸಾಮಾನ್ಯವಾಗಿ ಮಣ್ಣಿಗೇ ಒಪ್ಪಿಸುತ್ತಾರೆ. ಉಳಿದರ್ಧವೂ ನಾವು ತಿಳಿದಷ್ಟು ಗಟ್ಟಿಯಲ್ಲ. ಹೊರದೇಶದಲ್ಲಿ ನೆಲೆಸಿರುವ, ಕ್ರೈಸ್ತ ಕುಟುಂಬಕ್ಕೆ ಸೇರಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಒಂದು ಪ್ರಶ್ನೆ ಕೇಳಿದ್ದಳು. ಆಕೆಯ ತಾಯಿ ತಮ್ಮನ್ನು ದಹಿಸಿ, ಭಸ್ಮವನ್ನು ಊರಿನಲ್ಲಿರುವ ತಂದೆಯ ಸಮಾಧಿಯ ಪಕ್ಕದಲ್ಲಿ ಇರಿಸಬೇಕೆಂದು ಹೇಳಿದ್ದಾರಂತೆ. ಬಂಧುಗಳು ಇದು ಧರ್ಮಬಾಹಿರವೆಂದು ಹಟ ಹಿಡಿದಿದ್ದಾರೆ. ನಾನು ದೇವತಾಶಾಸ್ತ್ರಜ್ಞನಲ್ಲ, ಇತಿಹಾಸದ ಮೇಷ್ಟ್ರು. ಆದ್ದರಿಂದ ಇತಿಹಾಸ ಏನು ಹೇಳುತ್ತದೆಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕ್ರೈಸ್ತರ ರೂಢಿಯ ಬೇರು ಯೆಹೂದ್ಯರಲ್ಲಿದೆ. ಅಬ್ರಹಾಮನು ಪತ್ನಿ ಸಾರಳನ್ನು ಹೂಳಲು ಮಕ್ಪೇಲದ ಗವಿಯನ್ನು 400 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡನೆಂದು ಆದಿಕಾಂಡ ಹೇಳುತ್ತದೆ. ಯೇಸುವಿನ ಶವವನ್ನು ಅರಿಮಥಾಯದ ಯೋಸೇಫನು ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇರಿಸಿದನು. ಶವವನ್ನು ಸುಡಬಾರದೆಂಬ ನೇರ ವಿಧಿ ಮಾತ್ರ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಯುದ್ಧದಲ್ಲಿ ಮಡಿದ ಸೌಲ ರಾಜನ ಮತ್ತು ಅವನ ಮಕ್ಕಳ ದೇಹಗಳನ್ನು ಯಾಬೇಷ್ ಗಿಲ್ಯಾದಿನ ಜನ ಶತ್ರುಗಳ ಕೋಟೆಯಿಂದ ಬಿಡಿಸಿ ತಂದು, ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಳಿದ ಪ್ರಸಂಗವೊಂದಿದೆ. ಅದನ್ನು ಗ್ರಂಥವು ಪಾಪವೆಂದು ಎಣಿಸಿಲ್ಲ, ವೀರರ ಕೃತ್ಯವೆಂಬಂತೆಯೇ ಹೇಳಿದೆ.

ಕ್ರೈಸ್ತ ಧರ್ಮ ರೋಮಿಗೆ ಕಾಲಿಟ್ಟಾಗ ಅಲ್ಲಿ ದಹನವೇ ಪ್ರಚಲಿತವಾಗಿತ್ತು. ಕ್ರೈಸ್ತರು ನಗರದ ಹೊರಗಿನ ನೆಲಮಾಳಿಗೆಯ ಸುರಂಗಗಳಲ್ಲಿ, ಕ್ಯಾಟಕೂಮುಗಳಲ್ಲಿ, ತಮ್ಮವರನ್ನು ಮಲಗಿಸಿದರು. ಮಲಗಿಸಿದರು ಎಂದು ಬೇಕೆಂದೇ ಬರೆದಿದ್ದೇನೆ. ‘ಸಿಮೆಟ್ರಿ’ ಎಂಬ ಪದದ ಗ್ರೀಕ್ ಮೂಲಕ್ಕೆ ಮಲಗುವ ತಾಣವೆಂದೇ ಅರ್ಥ. ಸತ್ತವರು ನಿದ್ರಿಸುತ್ತಿದ್ದಾರೆ, ಪುನರುತ್ಥಾನದ ದಿನ ಏಳುತ್ತಾರೆ ಎಂಬ ಭಾವನೆ ಆ ಒಂದು ಪದದಲ್ಲಿ ಅಡಗಿದೆ.

ಹಾಗಾದರೆ ಸುಟ್ಟ ದೇಹಕ್ಕೆ ಪುನರುತ್ಥಾನವಿಲ್ಲವೇ? ಈ ಶಂಕೆಯನ್ನು ಮೊದಲು ಎತ್ತಿದವರು ಕ್ರೈಸ್ತರಲ್ಲ, ಅವರ ವೈರಿಗಳು ಎಂಬುದು ಗಮನಾರ್ಹ. ಕ್ರಿ.ಶ. 177ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುತಾತ್ಮರಾದವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇವರು ಹೇಗೆ ಎದ್ದು ಬರುತ್ತಾರೋ ನೋಡೋಣವೆಂಬ ಕುಹಕ ಅದರ ಹಿಂದಿತ್ತೆಂದು ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಮಿನೂಸಿಯಸ್ ಫೆಲಿಕ್ಸ್ ಎಂಬ ಲ್ಯಾಟಿನ್ ಲೇಖಕ ತನ್ನ ‘ಆಕ್ಟೇವಿಯಸ್’ ಸಂವಾದದಲ್ಲಿ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ: ಬೆಂಕಿಯಿಂದ ನಮಗೆ ಯಾವ ನಷ್ಟದ ಭಯವೂ ಇಲ್ಲ, ಹೂಳುವುದು ಹಳೆಯದೂ ಉತ್ತಮವೂ ಆದ ಪದ್ಧತಿಯಾದ್ದರಿಂದ ಅದನ್ನು ಅನುಸರಿಸುತ್ತೇವೆ, ಎಂದು ಅವನ ವಾದದ ಸಾರ. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನನು ಮೃತರ ಆರೈಕೆಯನ್ನು ಕುರಿತ ಗ್ರಂಥವನ್ನೇ ಬರೆದು, ಉತ್ತರಕ್ರಿಯೆಯ ವೈಭವವೆಲ್ಲ ಬದುಕಿರುವವರ ಸಮಾಧಾನಕ್ಕೆ ಹೊರತು ಸತ್ತವರ ಪ್ರಯೋಜನಕ್ಕಲ್ಲ ಎಂದನು. ಮಣ್ಣು ಗೌರವದ ಮಾರ್ಗವಾಗಿತ್ತು, ಮೋಕ್ಷದ ಷರತ್ತಾಗಿರಲಿಲ್ಲ.

ಅದು ಷರತ್ತಿನಂತೆ ಕಾಣತೊಡಗಿದ್ದು ಅಧಿಕಾರ ಕೈಗೆ ಬಂದ ಮೇಲೆ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಶಾರ್ಲಮೇನ್ ಚಕ್ರವರ್ತಿ ಸ್ಯಾಕ್ಸನರನ್ನು ಗೆದ್ದಾಗ, ಹಳೆಯ ಪದ್ಧತಿಯಂತೆ ಶವ ಸುಡುವವನಿಗೆ ಮರಣದಂಡನೆ ಎಂದು ಶಾಸನ ಹೊರಡಿಸಿದನು. ಮುಂದೆ ಯುರೋಪಿನಲ್ಲಿ ಬೆಂಕಿ ಪಾಷಂಡಿಗಳಿಗೆ ಮೀಸಲಾದ ಶಿಕ್ಷೆಯಾಯಿತು. ಯಾನ್ ಹುಸ್‌ನನ್ನು 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಜೀವಂತ ಸುಟ್ಟು ಬೂದಿಯನ್ನು ರೈನ್ ನದಿಗೆ ಹಾಕಿದರು. ಬೈಬಲನ್ನು ಇಂಗ್ಲಿಷಿಗೆ ತರಲು ಕಾರಣನಾದ ಜಾನ್ ವಿಕ್ಲಿಫ್ 1384ರಲ್ಲಿಯೇ ತೀರಿಕೊಂಡಿದ್ದನು, ಅವನನ್ನು ಬಿಡಲಿಲ್ಲ. 1428ರಲ್ಲಿ ಗೋರಿ ಅಗೆದು, ಎಲುಬುಗಳನ್ನು ತೆಗೆದು ಸುಟ್ಟು, ಸ್ವಿಫ್ಟ್ ಎಂಬ ಚಿಕ್ಕ ಹೊಳೆಗೆ ಚೆಲ್ಲಿದರು. ಲಿಯೋನಿನ ವೈರಿಗಳು ಮಾಡಿದ್ದನ್ನೇ ಕ್ರೈಸ್ತ ಅಧಿಕಾರಿಗಳು ಕ್ರೈಸ್ತರಿಗೆ ಮಾಡಿದಂತಾಯಿತು. ಶವದಹನವೆಂದರೆ ಯುರೋಪಿನ ಸಾಮಾನ್ಯ ಕ್ರೈಸ್ತನ ಮನಸ್ಸಿಗೆ ತಟ್ಟುತ್ತಿದ್ದ ಜುಗುಪ್ಸೆಗೆ ವೇದವಾಕ್ಯಕ್ಕಿಂತ ಈ ನೆನಪುಗಳೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ.

ಹೊಸ ಯುಗದ ದಹನ ಚಳವಳಿಗೆ ಇಟಲಿಯೇ ತೊಟ್ಟಿಲು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ನಡೆದ ಒಂದು ಘಟನೆ ನಮ್ಮ ನೆರೆಯ ಕೊಲ್ಲಾಪುರಕ್ಕೆ ಸಂಬಂಧಿಸಿದ್ದು. ಕೊಲ್ಲಾಪುರದ ತರುಣ ಮಹಾರಾಜ ರಾಜಾರಾಮರು ಇಂಗ್ಲೆಂಡಿನ ಪ್ರವಾಸ ಮುಗಿಸಿ ಮರಳುವಾಗ 1870ರ ನವೆಂಬರಿನಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಅಧಿಕಾರಿಗಳು ವಿಶೇಷ ಅನುಮತಿ ಕೊಟ್ಟು, ಆರ್ನೋ ನದಿಗೆ ಉಪನದಿ ಕೂಡುವ ಸಂಗಮದಲ್ಲಿ ಹಿಂದೂ ವಿಧಿಯಂತೆ ದಹನಕ್ಕೆ ಅವಕಾಶ ಮಾಡಿಕೊಟ್ಟರು. ಅಲ್ಲಿ ಈಗಲೂ ಮಹಾರಾಜರ ಸ್ಮಾರಕವಿದೆ. 1873ರ ವಿಯೆನ್ನಾ ಪ್ರದರ್ಶನದಲ್ಲಿ ಪಾದುವಾದ ಪ್ರಾಧ್ಯಾಪಕ ಬ್ರುನೆಟ್ಟಿ ತನ್ನ ದಹನಯಂತ್ರವನ್ನು ತೋರಿಸಿದನು. 1876ರಲ್ಲಿ ಮಿಲಾನ್ ನಗರದಲ್ಲಿ ಶವಾಗಾರವೇ ಸಿದ್ಧವಾಯಿತು.

ವಿಯೆನ್ನಾದಲ್ಲಿ ಆ ಯಂತ್ರವನ್ನು ಕಂಡವರಲ್ಲಿ ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯ ಸರ್ ಹೆನ್ರಿ ಥಾಂಪ್ಸನ್ ಒಬ್ಬರು. 1874ರಲ್ಲಿ ಅವರು ಇಂಗ್ಲೆಂಡಿನ ದಹನ ಸಂಘವನ್ನು ಸ್ಥಾಪಿಸಿದರು. ತುಂಬಿ ತುಳುಕುವ ಸ್ಮಶಾನಗಳಿಂದ ಆರೋಗ್ಯಕ್ಕೆ ಕೇಡು ಎಂಬುದು ಅವರ ವಾದ. ಲಿಂಕನ್ನಿನ ಬಿಷಪ್ ವರ್ಡ್ಸ್‌ವರ್ತ್ (ಕವಿಯಲ್ಲ, ಕವಿಯ ತಮ್ಮನ ಮಗ) ಇದರಿಂದ ಜನರ ಪುನರುತ್ಥಾನದ ನಂಬಿಕೆ ಸಡಿಲವಾಗುತ್ತದೆಂದು ಎಚ್ಚರಿಸಿದರು. ಸ್ವತಃ ಭಕ್ತ ಕ್ರೈಸ್ತರಾಗಿದ್ದ ಲಾರ್ಡ್ ಶಾಫ್ಟ್ಸ್‌ಬರಿ, ಹಾಗಾದರೆ ಬೆಂಕಿಯಲ್ಲಿ ಬೆಂದ ಹುತಾತ್ಮರ ಗತಿಯೇನು ಎಂದು ಮರುಪ್ರಶ್ನೆ ಹಾಕಿದರು. ಇದಕ್ಕಿಂತ ಚಿಕ್ಕದಾದ, ಚೊಕ್ಕದಾದ ಉತ್ತರ ಈ ಇಡೀ ವಿವಾದದಲ್ಲಿ ನನಗೆ ಕಂಡಿಲ್ಲ.

ಆದರೂ ಕಾನೂನಿನ ಬಾಗಿಲು ತೆರೆದದ್ದು ಭಕ್ತರಿಂದಲ್ಲ. ವೇಲ್ಸಿನ ವೈದ್ಯ ವಿಲಿಯಂ ಪ್ರೈಸ್ ತನ್ನನ್ನು ಪ್ರಾಚೀನ ಡ್ರೂಯಿಡ್ ಪುರೋಹಿತನೆಂದು ಕರೆದುಕೊಳ್ಳುತ್ತಿದ್ದ ವಿಚಿತ್ರ ವ್ಯಕ್ತಿ. ಎಂಬತ್ತು ದಾಟಿದ ಮೇಲೆ ಹುಟ್ಟಿದ ಮಗುವಿಗೆ ಯೇಸುಕ್ರಿಸ್ತನೆಂದೇ ಹೆಸರಿಟ್ಟಿದ್ದ. 1884ರ ಜನವರಿಯಲ್ಲಿ ಆ ಕೂಸು ತೀರಿಕೊಂಡಾಗ ಗುಡ್ಡದ ಮೇಲೆ ಚಿತೆ ಹೊತ್ತಿಸಿದ. ಊರವರು ರೊಚ್ಚಿಗೆದ್ದರು, ಪೊಲೀಸರು ಹಿಡಿದರು. ಸಾರ್ವಜನಿಕರಿಗೆ ಉಪದ್ರವವಾಗದಿದ್ದರೆ ಶವ ಸುಡುವುದು ಅಪರಾಧವಲ್ಲವೆಂದು ನ್ಯಾಯಮೂರ್ತಿ ಸ್ಟೀಫನ್ ತೀರ್ಪಿತ್ತರು. ಮರುವರ್ಷ ವೋಕಿಂಗ್ ಶವಾಗಾರದಲ್ಲಿ ಮೊದಲ ದಹನ ನಡೆಯಿತು. 1902ರಲ್ಲಿ ಶಾಸನವೂ ಬಂತು. 1944ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರ ದೇಹವನ್ನೇ ದಹಿಸಿದಾಗ ಆಂಗ್ಲಿಕನ್ ಸಭೆಯಲ್ಲಿ ವಾದ ಮುಗಿದಂತೆಯೇ ಆಯಿತು. 1968ರ ವೇಳೆಗೆ ಬ್ರಿಟನ್ನಿನಲ್ಲಿ ಹೂಳುವವರಿಗಿಂತ ಸುಡುವವರ ಸಂಖ್ಯೆ ಹೆಚ್ಚಾಯಿತು.

ಕಥೋಲಿಕ ಸಭೆಯ ದಾರಿ ಬೇರೆ. ಇಟಲಿಯ ದಹನ ಸಂಘಗಳಲ್ಲಿ ಪೋಪರ ಅಧಿಕಾರವನ್ನು ಧಿಕ್ಕರಿಸುತ್ತಿದ್ದ ಫ್ರೀಮೇಸನರದೇ ಪ್ರಾಬಲ್ಯ. ಅವರಲ್ಲಿ ಹಲವರಿಗೆ ಚಿತೆ ಆರೋಗ್ಯದ ಪ್ರಶ್ನೆಯಾಗಿರಲಿಲ್ಲ, ಸಭೆಯ ಮುಖಕ್ಕೆ ಎಸೆದ ಸವಾಲಾಗಿತ್ತು. ರೋಮ್ 1886ರ ಮೇ ತಿಂಗಳಲ್ಲಿ ದಹನವನ್ನು ನಿಷೇಧಿಸಿತು. ಅದೇ ಡಿಸೆಂಬರಿನ ಇನ್ನೊಂದು ಆಜ್ಞೆಯನ್ನು ಬಂಧುಗಳು ಅವಶ್ಯ ಗಮನಿಸಬೇಕು. ಸ್ವಂತ ಇಚ್ಛೆಯಿಂದ ದಹನವನ್ನು ಬಯಸಿದವನಿಗೆ ಸಭೆಯ ಅಂತ್ಯವಿಧಿ ಇಲ್ಲ. ಬೇರೆಯವರ ತೀರ್ಮಾನದಿಂದ ದಹನವಾದವನಿಗೆ ಉಂಟು. ಬೆಂಕಿಯೇ ಪಾಪವಾಗಿದ್ದರೆ ಈ ಭೇದಕ್ಕೆ ಅರ್ಥವಿರುತ್ತಿರಲಿಲ್ಲ. ಅವರು ನೋಡಿದ್ದು ಮನಸ್ಸಿನ ಉದ್ದೇಶವನ್ನು.

ಮೇಸನರ ಹಳೆಯ ಜಗಳ ತಣ್ಣಗಾಯಿತು, ನಗರಗಳು ಬೆಳೆದವು, ಭೂಮಿ ದುಬಾರಿಯಾಯಿತು. 1963ರಲ್ಲಿ ರೋಮ್ ನಿಷೇಧವನ್ನು ಸಡಿಲಿಸಿತು. 1983ರ ಧರ್ಮಸಂಹಿತೆ ಹೂಳುವುದನ್ನು ಶ್ರದ್ಧೆಯಿಂದ ಶಿಫಾರಸು ಮಾಡುತ್ತದೆ. ಧರ್ಮತತ್ತ್ವಕ್ಕೆ ವಿರೋಧವಾದ ಕಾರಣದಿಂದ ಆರಿಸಿಕೊಳ್ಳದಿದ್ದರೆ ದಹನಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. 2016ರಲ್ಲಿ ಭಸ್ಮದ ವಿಷಯದಲ್ಲಿ ಬಿಗಿಯಾದ ಸೂಚನೆ ಬಂತು: ಮನೆಯಲ್ಲಿ ಇಟ್ಟುಕೊಳ್ಳಕೂಡದು, ಗಾಳಿಗೋ ನೀರಿಗೋ ಚೆಲ್ಲಕೂಡದು, ಪವಿತ್ರ ಸ್ಥಳದಲ್ಲಿ ಇರಿಸಬೇಕು. 2023ರ ಡಿಸೆಂಬರಿನಲ್ಲಿ ಇದೂ ಕೊಂಚ ಸಡಿಲವಾಗಿ, ಮೃತರಿಗೆ ಪ್ರಿಯವಾಗಿದ್ದ ಸ್ಥಳದಲ್ಲಿ ಭಸ್ಮದ ಅಲ್ಪ ಭಾಗವನ್ನು ಇರಿಸುವ ಕೋರಿಕೆಯನ್ನು ಪರಿಗಣಿಸಬಹುದೆಂದು ವ್ಯಾಟಿಕನ್ ಹೇಳಿತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಮಾತ್ರ ಒಪ್ಪಿಲ್ಲ. ಗ್ರೀಸಿನಲ್ಲಿ 2006ರಲ್ಲಿ ಕಾನೂನಿನ ಅನುಮತಿ ಸಿಕ್ಕರೂ ಮೊದಲ ಶವಾಗಾರ ತೆರೆದದ್ದು 2019ರಲ್ಲಿ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿ ಸುಡುವುದೆಂದರೆ ಹಿಂದಿನ ಮತಕ್ಕೆ ಮರಳಿದಂತೆ ಎಂಬ ಅಳುಕು. ಹೂಳುವುದು ಕ್ರೈಸ್ತತ್ವದ ಗುರುತು. ವಂಗದೇಶದ ಬ್ರಹ್ಮಬಾಂಧವ ಉಪಾಧ್ಯಾಯರು ಕಥೋಲಿಕರಾಗಿ, ಕಾವಿಯನ್ನೂ ಉಟ್ಟು, 1907ರಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ಹಿಂದೂ ರೀತಿಯಲ್ಲಿ ದಹನದಿಂದಲೇ ನಡೆಯಿತು. ಅವರು ಯಾರವರು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಈ ಅಳುಕನ್ನು ಒಮ್ಮೆಲೇ ಕದಲಿಸಿದ್ದು ಕೊರೊನಾ. 2020ರ ಮಾರ್ಚ್ 30ರಂದು ಮುಂಬಯಿ ಮಹಾನಗರಪಾಲಿಕೆ ಕೊರೊನಾದಿಂದ ಸತ್ತವರೆಲ್ಲರನ್ನೂ ಮತಭೇದವಿಲ್ಲದೆ ಸುಡಬೇಕೆಂದು ಆಜ್ಞೆ ಹೊರಡಿಸಿ, ಕೆಲವೇ ಗಂಟೆಗಳಲ್ಲಿ ಹಿಂತೆಗೆದುಕೊಂಡಿತು. ಬಲವಂತದ ಬೆಂಕಿಗೆ ಜನ ಒಪ್ಪಲಿಲ್ಲ. ಅದೇ ಜುಲೈನಲ್ಲಿ ಕೇರಳದ ಆಲಪ್ಪುಳದಲ್ಲಿ, ಸ್ವಲ್ಪ ಅಗೆದರೆ ನೀರು ಜಿನುಗುವ ಆ ನೆಲದಲ್ಲಿ ಆಳವಾದ ಗುಂಡಿ ತೋಡಲಾಗದೆಂದು ಲ್ಯಾಟಿನ್ ಕಥೋಲಿಕ ಧರ್ಮಪ್ರಾಂತ್ಯವೇ ಮುಂದಾಗಿ, ಚರ್ಚಿನ ಸ್ಮಶಾನದೊಳಗೇ ದಹನ ಮಾಡಿ ಭಸ್ಮವನ್ನು ಅಲ್ಲಿಯೇ ಹೂಳಲು ಅನುಮತಿಸಿತು.

ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು ಇಲ್ಲಿ ನೆನೆಯದಿರಲಾಗದು. ಪಾದ್ರಿಯಾಗಲೆಂದು 1946ರಲ್ಲಿ ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಮುಂಬಯಿಯ ಕಾರ್ಮಿಕರ ನಾಯಕರಾಗಿ, ದೇಶದ ರಕ್ಷಣಾ ಮಂತ್ರಿಯವರೆಗೆ ಏರಿದವರು. 2019ರ ಜನವರಿಯಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಮೊದಲು ದಹನವಾಗಬೇಕೆಂದು ಬಯಸಿದ್ದರಂತೆ, ಕೊನೆಗಾಲದಲ್ಲಿ ಹೂಳಬೇಕೆಂದರಂತೆ. ಅವರ ಆಪ್ತರು ಎರಡನ್ನೂ ನಡೆಸಿಕೊಟ್ಟರು. ಲೋಧಿ ರಸ್ತೆಯ ಚಿತಾಗಾರದಲ್ಲಿ ದೇಹವನ್ನು ದಹಿಸಿ, ಭಸ್ಮವನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಿದರು.