ಕನ್ನಂಬಾಡಿಯ ಸುರ್ಕಿ, ಸಿಮೆಂಟಿನ ಹೊಗೆ

ಕನ್ನಂಬಾಡಿ ಕಟ್ಟೆಗೆ ಎಷ್ಟು ಮೂಟೆ ಸಿಮೆಂಟು ಹಿಡಿಸಿರಬಹುದು? ಆಫೀಸಿನಲ್ಲಿ ಟೀ ಕುಡಿಯುವಾಗ ಗೆಳೆಯರನ್ನು ಕೇಳಿದೆ. ಒಬ್ಬ ಲಕ್ಷ ಅಂದ, ಇನ್ನೊಬ್ಬ ಕೋಟಿ ಅಂದ. ಅಲ್ಲಿ ಕಲ್ಲುಗಳನ್ನು ಹಿಡಿದಿಟ್ಟಿರೋದು ಸುರ್ಕಿ ಗಾರೆ ಅಂದಾಗ ಇಬ್ಬರೂ ನಕ್ಕುಬಿಟ್ಟರು! ನಾನು ಓದಿದ್ದು ಸಿವಿಲ್, ಹೊಟ್ಟೆಪಾಡು ಸಾಫ್ಟ್‌ವೇರ್. ಹಾಗಾಗಿ ಈ ಬರಹ.

ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಬರೀ ಸುಣ್ಣ ಗಟ್ಟಿಯಾಗೋದಕ್ಕೆ ಗಾಳಿ ಬೇಕು, ನೀರೊಳಗೆ ಅದು ನಿಲ್ಲೋದಿಲ್ಲ. ಹದವಾಗಿ ಸುಟ್ಟ ಜೇಡಿಮಣ್ಣಿನ ಪುಡಿ ಬೆರೆಸಿದರೆ, ಅದರಲ್ಲಿರುವ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ಸೇರಿ ನೀರಿಗೆ ಕರಗದ ಅಂಟಾಗುತ್ತವೆ. ರೋಮನ್ನರು ಇದೇ ಕೆಲಸಕ್ಕೆ ಜ್ವಾಲಾಮುಖಿಯ ಬೂದಿ ಬಳಸಿದರು. ರೋಮಿನ ಪ್ಯಾಂಥಿಯನ್‌ನ 43 ಮೀಟರ್ ಅಗಲದ ಗುಮ್ಮಟ ಕಬ್ಬಿಣದ ಸರಳಿಲ್ಲದೆ ಸುಮಾರು 1900 ವರ್ಷದಿಂದ ನಿಂತಿದೆ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿಗೂ ಸುಣ್ಣ-ಸುರ್ಕಿಯೇ. ಕನ್ನಂಬಾಡಿ ಕೆಲಸ ಶುರುವಾದದ್ದು 1911ರಲ್ಲಿ. ಪೋರ್‌ಬಂದರಿನ ಕಾರ್ಖಾನೆಯಿಂದ ಸಿಮೆಂಟು ಬರತೊಡಗಿದ್ದು 1914ರಲ್ಲಿ! ಅಲ್ಲಿಯವರೆಗೆ ಸಿಮೆಂಟು ಅಂದರೆ ಹೆಚ್ಚಾಗಿ ಹಡಗಿನಲ್ಲಿ ಬರುವ ಸರಕು. ಸುಣ್ಣ, ಮಣ್ಣು, ಸೌದೆ ಇಲ್ಲಿಯವೇ.

ಹಾಗಾದರೆ ಸುರ್ಕಿ ಸೋತದ್ದೇಕೆ? ಅದು ನಿಧಾನ. ಸಿಮೆಂಟು ಕೆಲವೇ ದಿನಗಳಲ್ಲಿ ಭಾರ ಹೊರುತ್ತದೆ, ಬೇಗ ಸೆಂಟ್ರಿಂಗ್ ಬಿಚ್ಚಿ ಮುಂದಿನ ಮಹಡಿ ಏರಿಸಬಹುದು. ಆದರೆ ಈ ಅವಸರಕ್ಕೆ ಬೆಲೆ ಇದೆ. ಸಿಮೆಂಟಿನ ಜೀವಾಳವಾದ ಕ್ಲಿಂಕರಿಗೆ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಲ್ಲಿದ್ದಲು ಬಿಟ್ಟು ಸೂರ್ಯನ ಶಾಖದಲ್ಲೇ ಸುಟ್ಟರೂ ಇದು ತಪ್ಪಿದ್ದಲ್ಲ, ಯಾಕಂದರೆ ಅದು ಕಲ್ಲಿನೊಳಗೇ ಇದೆ. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇ. 7-8.

ಕ್ಲಿಂಕರ್ ಕಡಿಮೆ ಮಾಡೋಕೆ ಹಾರುಬೂದಿ, ಉಕ್ಕಿನ ಕುಲುಮೆಯ ಕಿಟ್ಟ ಬೆರೆಸುವುದು ರೂಢಿಯಲ್ಲಿದೆ. ಆದರೆ ಅವೆರಡೂ ಕಲ್ಲಿದ್ದಲನ್ನೇ ನಂಬಿವೆ. ಜೇಡಿಮಣ್ಣಿಗೆ ಆ ಹಂಗಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಲೋಸಾನ್‌ನಲ್ಲಿ ಕರೆನ್ ಸ್ಕ್ರಿವೆನರ್, ಜೊತೆಗೆ ಕ್ಯೂಬಾದ ಹಾಗೂ ನಮ್ಮ ಐಐಟಿಗಳ ಸಂಶೋಧಕರು ಸೇರಿ ಎಲ್‌ಸಿ3 ಎಂಬ ಸಿಮೆಂಟನ್ನು ರೂಪಿಸಿದರು. ಅದರಲ್ಲಿ ಕ್ಲಿಂಕರ್ ಅರ್ಧ. ಶೇ. 30 ಸುಟ್ಟ ಕೆಯೊಲಿನ್ ಮಣ್ಣು, ಶೇ. 15 ಸುಡದ ಸುಣ್ಣದಕಲ್ಲಿನ ಪುಡಿ, ಉಳಿದದ್ದು ಜಿಪ್ಸಮ್. ಮಣ್ಣಿಗೆ ಸುಮಾರು 800 ಡಿಗ್ರಿ ಸಾಕು, ಸುಟ್ಟಾಗ ಕೆಯೊಲಿನ್‌ನಿಂದ ಹೊರಡೋದು ಬರೀ ನೀರಾವಿ! ಮಾಮೂಲಿ ಸಿಮೆಂಟಿಗೆ ಹೋಲಿಸಿದರೆ ಶೇ. 40ರವರೆಗೂ ಹೊಗೆ ಉಳಿತಾಯ. 2023ರಲ್ಲಿ ಇಂಥ ಸಿಮೆಂಟಿಗೆ ಭಾರತೀಯ ಮಾನಕವೂ ಬಂತು.

ಇದು ಸುರ್ಕಿಯ ಮರುಹುಟ್ಟು ಅಂದರೆ ಪೂರ್ತಿ ಸರಿಯಲ್ಲ, ಹದ ಬೇರೆ, ಮಣ್ಣು ಬೇರೆ. ಆದರೆ ತತ್ವ ಅದೇ. ಇದನ್ನು 'ಪರ್ಯಾಯ' ಅಂತ ಕರೆಯೋದು ನನಗೆ ವಿಚಿತ್ರವಾಗಿ ಕಾಣುತ್ತೆ. ಸುಟ್ಟ ಮಣ್ಣಿನ ಅನುಭವ ಸಾವಿರಾರು ವರ್ಷದ್ದು, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇನ್ನೂರು ವರ್ಷ. ನಮ್ಮಲ್ಲಿ ಇನ್ನೂ ಕಟ್ಟಬೇಕಾದ ಮನೆ, ಆಸ್ಪತ್ರೆ, ಸೇತುವೆಗಳು ಬೇಕಾದಷ್ಟಿವೆ. 'ಕಟ್ಟಬೇಡಿ' ಅಂತ ಹೇಳೋಕಾಗಲ್ಲ, ಯಾವುದರಲ್ಲಿ ಕಟ್ಟುತ್ತೀವಿ ಅಂತ ಕೇಳಬಹುದು.

ನಿಮ್ಮೂರಲ್ಲಿ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆದದ್ದನ್ನು ಕಂಡ ಹಿರಿಯರಿದ್ದರೆ ವಿಚಾರಿಸಿ, ಇಲ್ಲಿ ಬರೆಯಿರಿ. ಅಳತೆ, ಹದ ಎಲ್ಲ ಅವರ ಬಾಯಲ್ಲೇ ಇರೋದು.