ಪಕ್ಕದ ಕೊಠಡಿಯ ವಿದ್ವಾಂಸರು

ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಪಂಪಭಾರತವನ್ನು ಸಂಪಾದಿಸಿದರೆಂದರೆ ಇಂದಿನ ವಿದ್ಯಾರ್ಥಿ ನಂಬಲಾರನು. ಆದರೂ ಅದು ನಡೆದ ಸಂಗತಿ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಉಚ್ಚ ಶಿಕ್ಷಣದ ಭಾಷೆ ಇಂಗ್ಲಿಷು. ಹೊಸ ಶಾಸ್ತ್ರಗಳನ್ನು ಹೇಳಲು ಕನ್ನಡದಲ್ಲಿ ಮಾತುಗಳು ಸಾಲದಾಗಿದ್ದವು. ಆ ಕೊರತೆ ಒಬ್ಬರಿಂದ ನೀಗುವಂಥದಲ್ಲ. ಶಾಸ್ತ್ರ ಬಲ್ಲವರಿಗೆ ನುಡಿ ಬೇಕು, ನುಡಿ ಬಲ್ಲವರಿಗೆ ಶಾಸ್ತ್ರ ಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ತೆಗೆದರು. ಅದು ಬಹುಕಾಲ ಬಾಳಲಿಲ್ಲ. 1919ರಲ್ಲಿ ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಕೃತಿಯಿಂದ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. 1946ರಲ್ಲಿ ಹೊರಬಂದ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹಲವರ ಕೂಡುದುಡಿಮೆಯ ಫಲ.

ಇವರನ್ನು ಬೆಸೆದದ್ದು ಯಾವ ನಿಬಂಧನೆಯೂ ಅಲ್ಲ. ತನಗೆ ತಿಳಿಯದುದನ್ನು ಪಕ್ಕದ ಕೊಠಡಿಯವರನ್ನು ಕೇಳಲು ನಾಚದ ವಿನಯ ಅವರಲ್ಲಿತ್ತು. ವಿಭಾಗಗಳು ಬೆಳೆದಂತೆ ಆ ವಿನಯ ಕುಗ್ಗಿದರೆ ನಷ್ಟ ಅಧ್ಯಾಪಕರಿಗಷ್ಟೇ ಅಲ್ಲ, ಭಾಷೆಗೂ ಹೌದು.